ಹನ್ನೊಂದು ಮುದ್ರೆಯ ಮಡಕೆ

ಒಂದಾನೊಂದು ಊರಿತ್ತಂತೆ. ಊರಿನ ಹೆಸರು ಕೇಳಬೇಡಿ; ಹೇಳಿದರೆ ಅದು ನಮ್ಮೂರೇ ಅಂತ ಜಗಳಕ್ಕೆ ಬರುತ್ತೀರಿ. ಆ ಊರಿಗೊಬ್ಬ ರಾಜ, ರಾಜನಿಗೊಬ್ಬ ಮಗ. ಊರಾಚೆ ಕೆರೆ ದಂಡೆಯಲ್ಲಿ ಏಳು ಮನೆ ಕುಂಬಾರರು. ಅವರು ಮಣ್ಣು ತುಳಿದು, ತಿಗರಿ ತಿರುಗಿಸಿ, ಮಡಕೆ ಮಾಡಿ, ಆವಿಗೆಯಲ್ಲಿ ಸುಟ್ಟು ನಾಡಿಗೆಲ್ಲ ಮಾರುತ್ತಿದ್ದರಂತೆ. ಆವಿಗೆ ಅಂದರೆ ಮಡಕೆ ಸುಡುವ ಗೂಡು. ಅದರ ಬೆಂಕಿಯೇ ಕುಂಬಾರನ ಅನ್ನ.

ಒಂದು ದಿನ ರಾಜ ಊಟಕ್ಕೆ ಕೂತಾಗ ಸಾರಿನ ಮಡಕೆ ಬಿರಿದು, ಬಿಸಿ ಸಾರು ಅವನ ರೇಷ್ಮೆ ಪಂಚೆಯ ಮೇಲೆ ಚೆಲ್ಲಿತಂತೆ. ಅಡುಗೆಯವನು ಮಡಕೆಯನ್ನು ಕಲ್ಲಿಗೆ ತಾಗಿಸಿದ್ದ. ಆದರೆ ಅಡುಗೆಯವನು ಅರಮನೆಯವನು, ಕುಂಬಾರ ಕೆರೆ ದಂಡೆಯವನು. ತಪ್ಪು ಯಾರ ತಲೆಗೆ ಬಂತು ಅಂತ ನಿಮಗೆ ನಾನು ಹೇಳಬೇಕೇ?

"ಇನ್ನು ಮೇಲೆ ನನ್ನ ಮುದ್ರೆ ಇಲ್ಲದೆ ಈ ನಾಡಲ್ಲಿ ಒಬ್ಬ ಕುಂಬಾರನೂ ಆವಿಗೆಗೆ ಬೆಂಕಿ ಹಾಕಕೂಡದು" ಅಂದನಂತೆ ರಾಜ.

ಅರಮನೆಯಲ್ಲಿ ಒಬ್ಬ ಕರಣಿಕನಿದ್ದ. ಬರೆಯೋದು, ಕಟ್ಟೋದು, ಕಟ್ಟಿದ್ದನ್ನು ಬಿಚ್ಚದೇ ಇಡೋದು ಅವನ ಕೆಲಸ. ಅವನು ಕೈ ಮುಗಿದು, "ಪ್ರಭು, ಮುದ್ರೆ ಒತ್ತುವ ಮೊದಲು ಮಣ್ಣು ನೋಡೋಕೆ ಒಬ್ಬ ಬೇಕಲ್ಲ?" ಅಂದನಂತೆ. ಬೇಕು ಅಂದ ರಾಜ. ಮಣ್ಣು ನೋಡುವವನಿಗೆ ಒಂದು ಚಾವಡಿ ಆಯಿತು. ಅವನು ಸರಿಯಾಗಿ ನೋಡಿದನೋ ಇಲ್ಲವೋ ನೋಡುವವನಿಗೆ ಇನ್ನೊಂದು ಚಾವಡಿ. ನೀರಿಗೆ ಒಬ್ಬ, ಸೌದೆಗೆ ಒಬ್ಬ, ಹೊಗೆಗೆ ಒಬ್ಬ. ಹೀಗೆ ಬೆಳೆದು ಬೆಳೆದು ಹತ್ತು ಚಾವಡಿ, ಹತ್ತು ಮುದ್ರೆ ಆದವಂತೆ. ಹನ್ನೊಂದನೆಯದು ರಾಜನ ಉಂಗುರದ ಮುದ್ರೆ. ಮಡಕೆ ಮಾಡುವವರು ಏಳು ಮನೆ, ಮಡಕೆ ನೋಡುವವರು ಎಪ್ಪತ್ತು ಮನೆ!

ಏಳು ಮನೆಯಲ್ಲಿ ಒಬ್ಬ, ಹೊಟ್ಟೆ ತಾಳಲಾರದೆ, ಮುದ್ರೆ ಇಲ್ಲದೆ ಬೆಂಕಿ ಹಾಕಿದ. ಅವನ ತಿಗರಿ ಒಡೆದು, ಎರಡು ಕೈ ಬೆರಳನ್ನೂ ಮುರಿದರಂತೆ. ಅವನ ಮನೆಯವರೂ, ಅದನ್ನು ಕಂಡ ಐದು ಮನೆಯವರೂ ಗಂಟುಮೂಟೆ ಕಟ್ಟಿ ನಾಡು ಬಿಟ್ಟರು. ಉಳಿದದ್ದು ಒಂದೇ ಮನೆ. ಕುಂಬಾರ ಕೊಟ್ರಪ್ಪ, ಅವನ ಹೆಂಡತಿ ಹಾಲವ್ವ.

ಕೊಟ್ರಪ್ಪ ನಿಯತ್ತಿನ ಮನುಷ್ಯ. "ಮುದ್ರೆ ತಗಂಡೇ ಸುಡಾನ ಕಣೆ. ದೊರೆ ಕಣ್ಣಿಲ್ದೋನಲ್ಲ" ಅಂದನಂತೆ.

"ದೊರೆಗೆ ಕಣ್ಣೈತೆ, ಅದ್ರ ಮುಂದೆ ಎಪ್ಪತ್ತು ಬೆನ್ನವೆ" ಅಂದಳಂತೆ ಹಾಲವ್ವ.

ಮಾಘ ಮಾಸದಲ್ಲಿ ಮುನ್ನೂರು ಮಡಕೆ ಮಾಡಿ ನೆರಳಲ್ಲಿ ಒಣಗಿಸಿದ. ಒಂದು ಕಂಕುಳಲ್ಲಿ ಅರ್ಜಿ, ಒಂದು ಕಂಕುಳಲ್ಲಿ ಹುಂಜ ಇಟ್ಟುಕೊಂಡು ಮೊದಲ ಚಾವಡಿಗೆ ಹೋದ. ಮಣ್ಣಿನವನು ಹುಂಜವನ್ನು ನೋಡಿದ, ಮಣ್ಣನ್ನು ನೋಡಲಿಲ್ಲ, ಮುದ್ರೆ ಒತ್ತಿದ. ಪಾಪ, ಕೊಟ್ರಪ್ಪ ಹಿಗ್ಗಿಬಿಟ್ಟ. ಅಲ್ಲೇ ತಪ್ಪಿದ್ದು ಅವನು. ಒಂದು ಮುದ್ರೆ ಬಿತ್ತಲ್ಲ, ಉಳಿದವು ಬೀಳೋಕೆ ಎಷ್ಟು ಹೊತ್ತು ಅಂತ, ಬಯಲಲ್ಲಿ ಆವಿಗೆ ಜೋಡಿಸಿಬಿಟ್ಟ. ಕುಳ್ಳು, ಸೌದೆ, ಮಡಕೆ, ಮೇಲೆ ಹುಲ್ಲು, ಹುಲ್ಲಿನ ಮೇಲೆ ಮಣ್ಣಿನ ಮೆತ್ತು. ಕಿಡಿ ಒಂದು ಬಾಕಿ. ಮನೆಯೊಳಗೆ ಅಟ್ಟದ ಮೇಲೆ ಎರಡೇ ಎರಡು ಹಸಿ ಮಡಕೆ ಉಳಿದವಂತೆ, ಗೂಡಲ್ಲಿ ಜಾಗ ಸಾಲದೆ.

ಎರಡನೇ ಚಾವಡಿಗೆ ಹೋದ. "ಇವತ್ತಲ್ಲ, ನಾಳೆ" ಅಂದರು. ನಾಳೆ ಹೋದ. "ಇಲ್ಲಲ್ಲ, ಅಲ್ಲಿ" ಅಂದರು. ಅಲ್ಲಿಗೆ ಹೋದ. "ಇವತ್ತಲ್ಲ, ನಾಳೆ" ಅಂದರು. ಹೀಗೆ ಒಂದೊಂದು ಮುದ್ರೆಗೆ ಹತ್ತು ಹತ್ತು ದಿನ, ಒಂದೊಂದು ಮುದ್ರೆಗೆ ಒಂದೊಂದು ಹುಂಜ. ಹುಂಜ ಮುಗಿದವು, ಹೇಟೆಗೆ ಬಂತು. ಹೇಟೆ ಮುಗಿದವು, ಕಾವಿಗಿಟ್ಟ ಮೊಟ್ಟೆಗೆ ಬಂತು.

ಒಂಬತ್ತನೆಯದು ಹೊಗೆಯ ಚಾವಡಿ. ಅಲ್ಲಿನವನು ಕೇಳಿದನಂತೆ:

"ನಿನ್ನ ಆವಿಗೆ ಹೊಗೆ ಎಷ್ಟು ಮಾರು ಎತ್ತರ ಹೋಗುತ್ತೆ?"

"ಬೆಂಕಿ ಹಾಕಿದ್ರೆ ಗೊತ್ತಾಗ್ತೈತೆ ಬುದ್ಧಿ."

"ಹೊಗೆ ಕಾಣದೆ ಮುದ್ರೆ ಒತ್ತೋಕೆ ಆಗಲ್ಲ."

"ಮುದ್ರೆ ಇಲ್ದೆ ಬೆಂಕಿ ಹಾಕಿದ್ರೆ ಬೆರಳು ಮುರೀತೀರಲ್ಲ ಬುದ್ಧಿ?"

"ಮತ್ತೆ? ಕಾನೂನು ಅಂದರೆ ತಮಾಷೆಯೇನೋ?"

ಹೊಗೆಯವನ ಕಾಲು ಹಿಡಿದು, ಹೆಂಡತಿ ಸಾಕಿದ್ದ ಮೇಕೆಯನ್ನು ಅವನ ಅಂಗಳದಲ್ಲಿ ಕಟ್ಟಿ, ಆ ಮುದ್ರೆಯನ್ನೂ ತಂದ. ಹತ್ತನೇ ಚಾವಡಿ ಗಟ್ಟಿತನದ್ದು. ಅಲ್ಲಿನವನು, "ಸುಟ್ಟ ಮಡಕೆ ತಾ. ತಟ್ಟಿ ಸದ್ದು ಕೇಳಿ, ಗಟ್ಟಿ ಇದ್ದರೆ ಸುಡೋಕೆ ಅಪ್ಪಣೆ ಕೊಡ್ತೀನಿ" ಅಂದನಂತೆ. ಅಳಬೇಕೋ ನಗಬೇಕೋ ತಿಳಿಯದೆ ಕೊಟ್ರಪ್ಪ ಅವನ ಮೆಟ್ಟಿಲ ಮೇಲೆ ಕೂತ. ಕೂತೇ ಇದ್ದ. ಅಷ್ಟರಲ್ಲಿ ರೋಹಿಣಿ ಮಳೆ ಹಿಡಿಯಿತು.

ಮೂರು ಹಗಲು ಮೂರು ರಾತ್ರಿ ಮಳೆ. ಸುಡದ ಮಡಕೆ ಅಂದರೆ ಏನು? ಆಕಾರ ಇರುವ ಮಣ್ಣು, ಅಷ್ಟೇ. ಕೊಟ್ರಪ್ಪ ಓಡಿ ಬಂದು ನೋಡುತ್ತಾನೆ, ಮುನ್ನೂರು ಮಡಕೆ ಇದ್ದಲ್ಲಿ ಒಂದು ದಿಬ್ಬ ಕೆಸರು. ಆ ಕೆಸರಿನೊಳಗೆ ಮೊಳಕೈವರೆಗೆ ಕೈ ಇಟ್ಟುಕೊಂಡು ಕೂತ. ಹಾಲವ್ವ ಎಬ್ಬಿಸಿದಳು, ಏಳಲಿಲ್ಲ. ಹೊತ್ತು ತಂದು ಮಲಗಿಸಿದಳು. ಮೂರನೇ ದಿನ ಕೊಟ್ರಪ್ಪ ಹೋದ.

ಸತ್ತವರನ್ನು ಕಳಿಸುವ ಪದ್ಧತಿ ನಿಮಗೆ ಗೊತ್ತು. ಹೊಸ ಮಡಕೆಗೆ ನೀರು ತುಂಬಿ, ಹೆಗಲ ಮೇಲೆ ಹೊತ್ತು, ಹೆಣಕ್ಕೆ ಮೂರು ಸುತ್ತು ಬಂದು, ಬೆನ್ನ ಹಿಂದಕ್ಕೆ ಬಿಟ್ಟು ಒಡೆಯಬೇಕು. ಮಡಕೆ ಒಡೆದರೆ ಋಣ ಹರಿಯಿತು. ಹಾಲವ್ವ ಅಟ್ಟದಿಂದ ಒಂದು ಹಸಿ ಮಡಕೆ ಇಳಿಸಿ, ಸೆರಗಲ್ಲಿ ಮುಚ್ಚಿಕೊಂಡು, ಕರಣಿಕನ ಮುಂದೆ ನಿಂತಳಂತೆ.

"ಸ್ವಾಮಿ, ಮಾರಾಕಲ್ಲ. ಇದೊಂದು ಮಡಕೆ ಸುಟ್ಕಂತೀನಿ. ನನ್ನ ಗಂಡನ್ನ ಕಳಿಸ್ಬೇಕು."

"ಒಂದಾದರೂ ಮುನ್ನೂರಾದರೂ ಮುದ್ರೆ ಹನ್ನೊಂದೇ ಕಣಮ್ಮ."

"ಒಂಬತ್ತು ಅವನೇ ತಂದಾನಲ್ಲ!"

"ಅರ್ಜಿದಾರ ಸತ್ತಮೇಲೆ ಅರ್ಜಿ ವಜಾ. ನಿನ್ನ ಹೆಸರಲ್ಲಿ ಮೊದಲಿಂದ ಹಾಕು."

ನಾಡಿಗೆಲ್ಲ ಮಡಕೆ ಮಾಡಿಕೊಟ್ಟ ಕುಂಬಾರನ ಹೆಣಕ್ಕೆ ಮಡಕೆ ಸಿಗಲಿಲ್ಲ. ಬಳ್ಳಿಯಿಂದ ಒಣ ಸೋರೆ ಬುರುಡೆ ಕಿತ್ತು, ನೀರು ತುಂಬಿ, ಹಾಲವ್ವ ತಾನೇ ಹೊತ್ತು ಮೂರು ಸುತ್ತು ಬಂದಳಂತೆ. ಹಿಂದಕ್ಕೆ ಬಿಟ್ಟಳು. ಬುರುಡೆ ಒಡೆಯಲಿಲ್ಲ, ಉರುಳಿತು. ಆ ಬುರುಡೆಯನ್ನು ಎತ್ತಿ ಮನೆಗೆ ತಂದು, ಹಸಿ ಮಡಕೆಯನ್ನು ಅಟ್ಟದ ಮೇಲೆ ಅದರ ಜೋಡಿಯ ಪಕ್ಕ ಮತ್ತೆ ಇಟ್ಟಳು. ಅಳಲಿಲ್ಲವಂತೆ.

ಕೇಳಿ, ಸಾವಿಗೆ ಮುದ್ರೆ ಬೇಡ. ಅದು ಕೆರೆ ದಂಡೆಗೂ ಬರುತ್ತೆ, ಅರಮನೆಗೂ ಬರುತ್ತೆ. ಮುಂದಿನ ಮಳೆ ಹಿಡಿಯುವ ಮೊದಲೇ ರಾಜ ಕಣ್ಣು ಮುಚ್ಚಿದ.

ಅರಮನೆಯಲ್ಲಿ ಹೊಸ ಮಡಕೆ ಹುಡುಕಿದರು. ಇದ್ದವೆಲ್ಲ ಬೇಯಿಸಿ ಮಸಿ ಹಿಡಿದವು. ತಾಮ್ರದ ಕೊಡ ಒಡೆಯುವುದಿಲ್ಲ. ಪಕ್ಕದ ನಾಡಿನಿಂದ ತರಿಸೋಣ ಅಂದರೆ, ಹೊರಗಿನ ಮಡಕೆ ಗಡಿ ದಾಟಬೇಕಾದರೂ ರಾಜನ ಉಂಗುರದ ಮುದ್ರೆಯೇ ಬೇಕು ಅಂತ ಕರಣಿಕನೇ ಬರೆದಿದ್ದ. ರಾಜನಾದರೋ ಚಟ್ಟದ ಮೇಲೆ. ಸತ್ತ ಕೈಯಿಂದ ಉಂಗುರ ತೆಗೆದು ಒತ್ತಿದರೆ ತಲೆದಂಡ, ಅದನ್ನೂ ಅವನೇ ಬರೆದಿದ್ದ. ಮಗ ಒತ್ತಲಿ ಅಂದರೆ, ಪಟ್ಟವಾಗದೆ ಅವನಿಗೆ ಉಂಗುರವಿಲ್ಲ. ಅಪ್ಪ ಬೇಯದೆ ಮಗನಿಗೆ ಪಟ್ಟವಿಲ್ಲ. ಮಡಕೆ ಇಲ್ಲದೆ ಅಪ್ಪ ಬೇಯುವುದಿಲ್ಲ. ಮುದ್ರೆ ಇಲ್ಲದೆ ಮಡಕೆ ಬೇಯುವುದಿಲ್ಲ.

ಒಂದು ದಿನವಾಯಿತು. ಗಂಧ ಹಚ್ಚಿದರು. ಎರಡು ದಿನವಾಯಿತು. ಸಾಂಬ್ರಾಣಿ ಹಾಕಿದರು. ಮೂರನೇ ದಿನ ಅರಮನೆ ಬಾಗಿಲಿಗೆ ನಾಯಿ ಬಂದು ಕೂತವಂತೆ.

ಕರಣಿಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಾಲವ್ವನ ಗುಡಿಸಲಿಗೆ ಓಡಿ ಬಂದ. ಯಾವತ್ತೂ ತಗ್ಗದ ತಲೆ ಅವತ್ತು ಬಾಗಿಲಿಗೆ ತಗ್ಗಿತು.

"ಹಾಲವ್ವ, ತಾಯೀ, ಒಂದು ಮಡಕೆ ಸುಟ್ಟುಕೊಡು."

"ಇವತ್ತಲ್ಲ, ನಾಳೆ" ಅಂದಳು ಹಾಲವ್ವ.

"ಹೆಣ ಕಾಯುತ್ತಿದೆಯಮ್ಮ!"

"ನಂದೂ ಕಾದಿತ್ತು. ಸೋರೆ ಬುರುಡೆ ಐತೆ, ಕೊಡ್ಲಾ? ನನ್ನ ಗಂಡ ಹೊರಟ ಬುರುಡೆ. ಚೆನ್ನಾಗಿ ಉರುಳ್ತೈತೆ."

ಕರಣಿಕ ಅರಮನೆಗೆ ಓಡಿದ. ಆಮೇಲೆ ರಾಜನ ಮಗನೇ ಬರಿಗಾಲಲ್ಲಿ ಬಂದನಂತೆ. ಹಾಲವ್ವ ಒಳಗೆ ಕರೆದು ಚಾಪೆ ಹಾಕಿದಳು.

"ಅವ್ವಾ, ನಮ್ಮಪ್ಪ ಮಾಡಿದ್ದು ನಮ್ಮಪ್ಪನಿಗೆ ಆಯಿತು. ಮಗ ನಾನೇನು ಮಾಡಲಿ? ಸೌದೆ ಎಷ್ಟು ಗಾಡಿ ಬೇಕು ಹೇಳು, ಅರಮನೆಯಿಂದ ಕಳಿಸ್ತೀನಿ."

"ಸೌದೆ ಬ್ಯಾಡಪ್ಪ. ಮುದ್ರೆ ಇಲ್ದೆ ಇವತ್ತು ನಾನು ನಿನಗೆ ಮಡಕೆ ಸುಟ್ಕೊಟ್ಟೆ ಅನ್ನು. ನಿನ್ನ ಕೆಲಸ ಆಯ್ತು. ನಾಡಿದ್ದು ಇದೇ ಕರಣಿಕ ಕಟ್ಟು ಬಿಚ್ಚಿ ಓದಿ ನನ್ನ ಬೆರಳು ಮುರೀತಾನೆ. ಹತ್ತು ಚಾವಡೀಲಿ ಕಟ್ಟಿಟ್ಟಿದೀರಲ್ಲ ಕಡತ, ಅವನ್ನ ತರಿಸು. ಎಲ್ಲಾನೂ. ಆ ಕಡತದಲ್ಲೇ ಆವಿಗೆ ಹಚ್ತೀನಿ. ಬೇರೆ ಬೆಂಕಿಗೆ ಈ ಕೈ ಏಳಾದಿಲ್ಲ."

ರಾಜನ ಮಗನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಕರಣಿಕ ಕೂಗಿಕೊಂಡನಂತೆ: "ಕಡತ ಸುಡೋಕೂ ಅಪ್ಪಣೆ ಬೇಕು!"

"ಯಾರ ಅಪ್ಪಣೆ?" ಅಂದ ರಾಜನ ಮಗ.

"ರಾಜರದು..." ಅಂದವನೇ ಕರಣಿಕ ನಾಲಿಗೆ ಕಚ್ಚಿಕೊಂಡ. ಆಗಲೇ ಅರಮನೆ ಕಡೆಯಿಂದ ಗಾಳಿ ಬೀಸಿತು. ಮೂವರೂ ಮೂಗು ಮುಚ್ಚಿಕೊಂಡರು. ರಾಜನ ಮಗ ಎದ್ದು ನಿಂತು, "ತನ್ನಿ" ಅಂದ.

ಹತ್ತು ಚಾವಡಿಯಿಂದ ಕಡತ ಬಂದವು, ನಲವತ್ತು ಗಾಡಿ. ಹೋದ ರೋಹಿಣಿ ಮಳೆಯಲ್ಲಿ ನಾಡೆಲ್ಲ ನೆನೆದು ತೊಟ್ಟಿಕ್ಕುತ್ತಿದ್ದಾಗ ಒಂದು ಹನಿ ತಾಗದೆ ಬೆಚ್ಚಗೆ ಮಲಗಿದ್ದವು ಅವು ಮಾತ್ರ. ಹಾಲವ್ವ ಗಂಡನ ಅರ್ಜಿಯನ್ನು ಹುಡುಕಿ ತೆಗೆದಳು. ಒಂಬತ್ತು ಮುದ್ರೆಯ ಅರ್ಜಿ. ಅದರ ತುದಿಗೆ ಕಿಡಿ ಹೊತ್ತಿಸಿ, ಅದರಿಂದಲೇ ಆವಿಗೆ ಹಚ್ಚಿದಳಂತೆ. ಚೆನ್ನಾಗಿ ಉರಿಯಿತು. ಅಷ್ಟು ವರ್ಷದಲ್ಲಿ ಆ ಕಡತ ಜನಕ್ಕೆ ಉಪಯೋಗವಾದದ್ದು ಅವತ್ತೊಂದೇ ದಿನ.

ಆವಿಗೆ ತಣಿದು ತೆಗೆದರೆ ಎರಡು ಮಡಕೆ, ಕೆಂಡದಂತೆ ಕೆಂಪು. ರಾಜನ ಮಗ ಕೈ ಚಾಚಿದ. ಹಾಲವ್ವ ಕೊಡಲಿಲ್ಲ.

"ತಡಿಯಪ್ಪ. ಸರದಿ ಐತೆ. ನಿಮ್ಮಪ್ಪಂದು ಎರಡನೇದು."

ಮೊದಲ ಮಡಕೆಗೆ ಕೆರೆ ನೀರು ತುಂಬಿಕೊಂಡು ಗಂಡನನ್ನು ಸುಟ್ಟ ಜಾಗಕ್ಕೆ ಹೋದಳು. ಹಿಂದೆ ರಾಜನ ಮಗ, ಅವನ ಹಿಂದೆ ಎಪ್ಪತ್ತು ಮನೆಯವರು, ಸರದಿಯಲ್ಲಿ ನಿಂತು ಕಾದರು. ಮೂರು ಸುತ್ತು ಬಂದಳು. ಹಿಂದಕ್ಕೆ ಬಿಟ್ಟಳು. ಠಣ್ಣಂತ ಒಡೆಯಿತು. ಗಟ್ಟಿತನದ ಚಾವಡಿಯವನು ಕೇಳಬೇಕೆಂದಿದ್ದ ಸದ್ದು ಅದೇ. ಕೇಳಿಸಿಕೊಂಡ. ಹಾಲವ್ವ ಅಲ್ಲೇ ಕುಸಿದು ಕೂತು, ಅವತ್ತು ಅತ್ತಳಂತೆ.

ಆಮೇಲೆ ರಾಜನನ್ನು ಸುಟ್ಟರು. ಮಗನಿಗೆ ಪಟ್ಟವಾಯಿತು. "ಮಡಕೆ ಗಟ್ಟಿಯೋ ಅಲ್ಲವೋ ಕೊಳ್ಳುವವರು ತಟ್ಟಿ ನೋಡಿಕೊಳ್ಳಲಿ, ಬೆಂಕಿ ಹಾಕೋಕೆ ಯಾರನ್ನೂ ಕೇಳಬೇಕಿಲ್ಲ" ಅಂತ ಡಂಗುರ ಸಾರಿಸಿದ. ಬಿಟ್ಟು ಹೋದವರು ತಿರುಗಿ ಬಂದರು. ಬೆರಳು ಮುರಿಸಿಕೊಂಡವನೂ ಬಂದು, ಹಾಲವ್ವನ ಮನೆಯಲ್ಲಿ ಕಾಲಿಂದ ಮಣ್ಣು ತುಳಿದನಂತೆ. ಕೆರೆ ದಂಡೆಯಲ್ಲಿ ಏಳು ಆವಿಗೆಯ ಹೊಗೆ ಎದ್ದಿತು, ಎಷ್ಟು ಮಾರು ಅಂತ ಯಾರೂ ಅಳೆಯಲಿಲ್ಲ.

ಆದರೆ ನಲವತ್ತು ಗಾಡಿ ಸುಡುವಾಗ ಕರಣಿಕ ಒಂದು ಕಟ್ಟನ್ನು ಪಂಚೆಯೊಳಗೆ ಬಚ್ಚಿಟ್ಟುಕೊಂಡು ಓಡಿದ್ದನಂತೆ. ಓಡಿ ಓಡಿ ಎಲ್ಲಿಗೆ ಬಂದ ಅಂತ ಕೇಳುತ್ತೀರಾ? ನಾಳೆ ಬೆಳಗ್ಗೆ ಒಂದು ಸಣ್ಣ ಅಂಗಡಿ ಇಡುತ್ತೇನೆ ಅಂತ ಅರ್ಜಿ ಹಿಡಿದು ಹೊರಡಿ, ತಾನಾಗೇ ಗೊತ್ತಾಗುತ್ತೆ.

ಅವರ ಮಡಕೆ ಅಲ್ಲಿ ಬೆಂದಿತಂತೆ, ನಮ್ಮ ಅರ್ಜಿ ಇಲ್ಲಿ ಕೊಳೆಯಿತಂತೆ. ಕಥೆ ಹೇಳಿದವನಿಗೆ ಒಂದು ಕಿಡಿ, ಕೇಳಿದವರಿಗೆ ಒಂದು ಹೊರೆ ಕಡತ.