ಕಾಟಿಗೆ ಯಾವ ತೋಟಾ

ಬೇಟೆಗೆ ಸರ್ಕಾರವೇ ಲೈಸೆನ್ಸ್ ಕೊಡುತ್ತಿದ್ದ ಕಾಲ. ಕೊಡಗಿನ ಅಂಚಿನಲ್ಲಿ, ಲಕ್ಷ್ಮಣತೀರ್ಥ ಹೊಳೆಯ ದಂಡೆಯ ಮೇಲೆ ಪೆಮ್ಮಯ್ಯಜ್ಜ ಎಂಬ ಮುದುಕನಿದ್ದ. ಹೊಳೆಯಾಚೆಗೆ ಕಾಡು. ಈಚೆಗೆ ಅವನ ಹುಲ್ಲಿನ ಗುಡಿಸಲು.

ಬೇಟೆ ಕಲಿಯಬೇಕೆಂದು ಹುಡುಗರು ಅವನ ಹತ್ತಿರ ಬರುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ಬೇಗನೆ ಹಿಂದಿರುಗುತ್ತಿದ್ದರು. ಅಜ್ಜ ಅವರಿಗೆ ನಡೆಯುವುದನ್ನು, ಸುಮ್ಮನೆ ಕೂರುವುದನ್ನು ಕಲಿಸುತ್ತಿದ್ದನೇ ಹೊರತು ಕೋವಿಯ ಮಾತೇ ಎತ್ತುತ್ತಿರಲಿಲ್ಲ.

ಬಿದ್ದಪ್ಪ ಮಾತ್ರ ಉಳಿದ. ಅವನು ಇನ್ನೂ ಮದುವೆಯಾಗದ ತರುಣ, ಕಾಫಿ ಎಸ್ಟೇಟಿನವರ ಮಗ. ಗುರಿ ಚೆನ್ನಾಗಿತ್ತು, ಶ್ರದ್ಧೆಯೂ ಇತ್ತು. ಆದರೆ ಅವನ ಬಾಯಿಗೆ ಬಿಡುವಿರಲಿಲ್ಲ.

ಆ ವರ್ಷ ಕಾಡಿನಲ್ಲಿ ಒಂದು ಒಂಟಿ ಕಾಟಿ ಕೆರಳಿತ್ತು. ಕಾಡುಕೋಣ ಸಾಮಾನ್ಯವಾಗಿ ಮನುಷ್ಯರನ್ನು ಕಂಡರೆ ಸರಿದುಹೋಗುತ್ತದೆ. ಇದು ಬೆಟ್ಟಕ್ಕೆ ಹೋದವರನ್ನು ಅಟ್ಟಿಸಿಕೊಂಡು ಬರುತ್ತಿತ್ತು. ಅದನ್ನು ಹೊಡೆಯಲು ಬಿದ್ದಪ್ಪನಿಗೆ ಅರಣ್ಯ ಇಲಾಖೆಯ ಅನುಮತಿ ಸಿಕ್ಕಿತು.

ಅನುಮತಿ ಸಿಕ್ಕ ದಿನವೇ ಅವನು ಗುಡಿಸಲಿಗೆ ಬಂದ. ಅಜ್ಜ ಹೊಳೆಯ ಕಲ್ಲಿನ ಮೇಲೆ ಕೂತು ಮೀನು ಕೊಯ್ಯುತ್ತಿದ್ದ. ಬಿದ್ದಪ್ಪ ಜೇಬಿನಿಂದ ಎರಡು ತೋಟಾ ತೆಗೆದು ಅದೇ ಕಲ್ಲಿನ ಮೇಲೆ ನಿಲ್ಲಿಸಿದ.

"ಅಜ್ಜ, ಇದು ಮುನ್ನೂರ ಎಪ್ಪತ್ತೈದು ಅಳತೆಯ ತೋಟಾ. ನಮ್ಮಪ್ಪನ ರೈಫಲ್ಲಿನದು, ಹಳೆಯ ಕಾಲದ್ದು. ಗುಂಡು ದಪ್ಪ, ತೂಕ ಹೆಚ್ಚು. ಇದು ಮುನ್ನೂರ ಮೂವತ್ತೆಂಟು, ಈಗ ಹೊಸದಾಗಿ ಬಂದದ್ದು. ಗುಂಡು ಸಪೂರ, ವೇಗ ಜಾಸ್ತಿ, ದೂರಕ್ಕೂ ನೇರವಾಗಿ ಹೋಗುತ್ತದೆ. ಪಕ್ಕದ ಎಸ್ಟೇಟಿನ ದೊರೆ ತನ್ನ ದೇಶಕ್ಕೆ ಹೊರಟಿದ್ದಾನೆ. ನಿನ್ನ ರೈಫಲ್ ಕೊಟ್ಟು ನನ್ನ ಹೊಸದನ್ನು ಇಟ್ಟುಕೋ ಅನ್ನುತ್ತಿದ್ದಾನೆ. ಕಾಟಿಗೆ ಯಾವುದು ಒಳ್ಳೆಯದು?"

ಅಜ್ಜ ಮೀನಿನ ಹೊಟ್ಟೆ ಸೀಳಿ, ಕರುಳು ತೆಗೆದು ಹೊಳೆಗೆ ಎಸೆದ.

"ಕಾಟಿ ನೀರು ಕುಡಿಯುವುದೆಲ್ಲಿ?"

"ಗೊತ್ತಿಲ್ಲ."

"ನೋಡಿಕೊಂಡು ಬಾ."

ಬಿದ್ದಪ್ಪ ಹೋದ. ಸಂಜೆಗೆ ಉತ್ಸಾಹದಿಂದ ಬಂದ.

"ಎಲ್ಲಿ?" ಎಂದ ಅಜ್ಜ.

"ಅಜ್ಜ, ದಾರಿಯಲ್ಲಿ ದೊರೆಯ ಬಂಗಲೆಗೆ ಹೋಗಿದ್ದೆ. ಅಲ್ಲಿ ಒಂದು ಪುಸ್ತಕ ಸಿಕ್ಕಿತು. ಎರಡೂ ಗುಂಡುಗಳ ವೇಗ ಅದರಲ್ಲಿ ಕೊಟ್ಟಿದ್ದಾರೆ. ಹೊಸದರ ಪೆಟ್ಟು ಹಳೆಯದಕ್ಕಿಂತ ಕಡಿಮೆ ಏನಿಲ್ಲ, ಆದರೆ..."

ಅಜ್ಜ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಬೆಳಗ್ಗೆ ಬಾಗಿಲು ತೆಗೆದಾಗ ಬಿದ್ದಪ್ಪ ಜಗಲಿಯಲ್ಲೇ ಕೂತಿದ್ದ.

"ತಪ್ಪಾಯಿತು ಅಜ್ಜ. ಇವತ್ತು ಹೋಗುತ್ತೇನೆ."

"ಹಗಲಿನಲ್ಲಿ ಎಲ್ಲಿ ಮಲಗುತ್ತದೆ, ಅದನ್ನೂ ನೋಡು."

ಬಿದ್ದಪ್ಪ ಅಪ್ಪನ ರೈಫಲ್, ನೋಡಲೆಂದು ದೊರೆ ಕೊಟ್ಟಿದ್ದ ರೈಫಲ್, ಎರಡನ್ನೂ ಹೆಗಲಿಗೇರಿಸಿಕೊಂಡು ಬೆಟ್ಟ ಹತ್ತಿದ. ಮಧ್ಯಾಹ್ನ ಬೆಟ್ಟದ ಮೇಲಿಂದ ಈಡಿನ ಸದ್ದು ಕೇಳಿಸಿತು. ಒಂದರ ಹಿಂದೆ ಒಂದು, ಬಿಟ್ಟು ಬಿಟ್ಟು, ಬಹಳ ಹೊತ್ತು.

ಅಜ್ಜ ಬಲೆ ಹೆಣೆಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿಕೊಂಡ.

"ಕಾಟಿಯ ಹೆಜ್ಜೆ ಸಿಗಲಿಲ್ಲ," ಎಂದ ಬಿದ್ದಪ್ಪ ಕೆಳಗಿಳಿದು ಬಂದು. "ಬಂದದ್ದು ವ್ಯರ್ಥವಾಗಬಾರದೆಂದು ಒಂದು ಮರಕ್ಕೆ ಗುರಿಯಿಟ್ಟು ಎರಡನ್ನೂ ಹೊಡೆದು ನೋಡಿದೆ. ಹಳೆಯದು ಆಳಕ್ಕೆ ಹೋಯಿತು. ಹೊಸದು ಚೆನ್ನಾಗಿ ಅರಳಿ ಅಗಲ ತೂತು ಮಾಡಿತು. ಈಗ ಇನ್ನೂ ಗೊಂದಲವಾಗಿದೆ."

"ಮರ ನಿನಗೇನು ಮಾಡಿತ್ತು?"

"ಪರೀಕ್ಷೆ ಅಜ್ಜ."

"ಪಾಸಾಯಿತೇ ಮರ?"

ಬಿದ್ದಪ್ಪನಿಗೆ ಕೋಪ ಬಂತು. "ನಾನು ಒಂದು ಸರಳ ಪ್ರಶ್ನೆ ಕೇಳುತ್ತಿದ್ದೇನೆ. ನೀವು ಎರಡರಿಂದಲೂ ಹೊಡೆಯಬಲ್ಲವರು. ಇದು ಒಳ್ಳೆಯದು ಅಂತ ಒಂದು ಮಾತು ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ?"

ಬಲೆಯ ಗಂಟು ತಪ್ಪಿಹೋಗಿತ್ತು. ಅಜ್ಜ ಅದನ್ನು ಬಿಚ್ಚತೊಡಗಿದ.

ಅದಾದ ಮೂರನೆಯ ದಿನ ಹೊಳೆಯ ಕೆಳದಂಡೆಯಿಂದ ಬೊಬ್ಬೆ ಕೇಳಿಸಿತು. ಇಬ್ಬರೂ ಓಡಿದರು.

ಕಾಡಂಚಿನ ಹಾಡಿಯಲ್ಲಿ ವಾಸವಿದ್ದ ಜೇನುಕುರುಬರ ಬೊಮ್ಮಿ ನೀರಿಗೆ ಬಂದಿದ್ದಳು. ಕಾಟಿ ಅವಳನ್ನು ಎತ್ತಿ ಬಿಸಾಡಿತ್ತು. ತೊಡೆಯ ಮೂಳೆ ಮುರಿದಿತ್ತು. ಅವಳ ಅಣ್ಣ ಬೊಳ್ಳ ಬಿದಿರಿಗೆ ಕಂಬಳಿ ಕಟ್ಟಿ ಡೋಲಿ ಮಾಡುತ್ತಿದ್ದ. ಅವಳು ಅಳುತ್ತಿರಲಿಲ್ಲ. ತುಟಿ ಬೆಳ್ಳಗಾಗಿತ್ತು.

"ಅದೂ ನೀರಿಗೆ ಬಂದಿತ್ತು," ಎಂದಳು. "ನಾನು ನೋಡಲಿಲ್ಲ."

"ಇದು ಇಲ್ಲಿಗೆ ಬರುತ್ತಿರಲಿಲ್ಲ," ಎಂದ ಬೊಳ್ಳ ಗಂಟು ಬಿಗಿಯುತ್ತ. "ಬೆಟ್ಟದ ಮೇಲೆ, ಹಳ್ಳದ ಹತ್ತಿರ ತನ್ನ ಪಾಡಿಗೆ ಇತ್ತು. ಮೊನ್ನೆ ಅಲ್ಲಿ ಯಾರೋ ಸುಮ್ಮನೆ ಢಂ ಢಂ ಅಂತ ಹೊಡೆಯುತ್ತಿದ್ದರು. ಆಮೇಲೆ ಕೆಳಗಿಳಿಯಿತು."

ಬಿದ್ದಪ್ಪ ಅಜ್ಜನ ಮುಖ ನೋಡಿದ. ಅಜ್ಜ ಅವನ ಕಡೆ ತಿರುಗದೆ ಡೋಲಿಗೆ ಹೆಗಲು ಕೊಟ್ಟ. ಬಿದ್ದಪ್ಪನೂ ಕೊಟ್ಟ. ಜೀಪು ಸಿಗುವ ರಸ್ತೆಯವರೆಗೆ ಬೊಮ್ಮಿಯನ್ನು ಹೊತ್ತರು.

ಜೀಪು ಆಸ್ಪತ್ರೆಯ ಕಡೆಗೆ ಹೋದ ಮೇಲೆ ಬಿದ್ದಪ್ಪ ಹೇಳಿದ, "ಅಜ್ಜ, ಇವತ್ತೇ ಹೋಗೋಣ."

"ಹೋಗೋಣ."

ಸ್ವಲ್ಪ ದೂರ ನಡೆದರು.

"ಯಾವುದನ್ನು ತರಲಿ?"

ಅಜ್ಜ ನಿಂತ. ಉಸಿರು ಎಳೆದು ಬಿಟ್ಟ.

"ಎರಡನ್ನೂ ತಾ. ಎರಡನ್ನೂ ನೀನೇ ಹೊರು."

ಬಿದ್ದಪ್ಪ ಎರಡನ್ನೂ ಹೊತ್ತ. ಎರಡೂ ಭಾರದ ರೈಫಲ್ಲುಗಳು. ಒಂದು ಎಡ ಹೆಗಲನ್ನು ಕೊರೆಯಿತು, ಇನ್ನೊಂದು ಬಲ ಹೆಗಲನ್ನು. ಅಜ್ಜ ಮುಂದೆ ಮುಂದೆ ಹೆಜ್ಜೆ ನೋಡುತ್ತ ಹೋದ. ಒಂದು ಕಡೆ ಬಗ್ಗಿ, ಮಣ್ಣಿನಲ್ಲಿ ಎಳೆದಂತಿದ್ದ ಗೀರನ್ನು ಬೆರಳಿನಿಂದ ಮುಟ್ಟಿದ. "ಹಿಂಗಾಲು ಎಳೆಯುತ್ತದೆ," ಎಂದ.

ಹೊತ್ತು ಇಳಿಯುವಾಗ ಬಿದಿರು ಮೆಳೆಯ ಹಿಂದೆ ಅದು ಕಾಣಿಸಿತು. ಕಪ್ಪು ಬಂಡೆಯಂತಿತ್ತು. ಬೆನ್ನು ಇವರ ಕಡೆಗಿತ್ತು.

ಬಿದ್ದಪ್ಪ ಒಂದು ರೈಫಲ್ಲನ್ನು ಅಜ್ಜನ ಕೈಗಿತ್ತು ಇನ್ನೊಂದನ್ನು ಭುಜಕ್ಕೆ ಒತ್ತಿಕೊಂಡ. ಬೊಮ್ಮಿಯ ಬೆಳ್ಳಗಿನ ತುಟಿ ಅವನ ಕಣ್ಣ ಮುಂದಿತ್ತು.

"ಹೊಡೆಯಲೇ?" ಎಂದು ಪಿಸುಗುಟ್ಟಿದ.

"ಎಲ್ಲಿಗೆ?"

ಬಿದ್ದಪ್ಪ ನೋಡಿದ. ಪೃಷ್ಠ ಕಾಣುತ್ತಿತ್ತು, ಬಾಲ ಕಾಣುತ್ತಿತ್ತು, ಬಿದಿರಿನ ನಡುವೆ ಕೊಂಬಿನ ತುದಿ. ಎದೆ ಎಲ್ಲೂ ಇರಲಿಲ್ಲ. ಅವನು ರೈಫಲ್ ಇಳಿಸಿದ.

ಗಾಳಿ ತಿರುಗಿತು. ಕಾಟಿ ಬುಸುಗುಟ್ಟಿ ಮೆಳೆಯೊಳಗೆ ಮಾಯವಾಯಿತು.

ಹಿಂದಿರುಗುವಾಗ ಅಜ್ಜನ ನಡಿಗೆ ಹಗುರವಾಗಿತ್ತು. ಬಿದ್ದಪ್ಪ ಮಾತ್ರ ಗೊಣಗುತ್ತ ಬಂದ.

"ನನ್ನ ಕೈಯಲ್ಲಿ ಹೊಸದಿತ್ತು, ಅದೇ ತೊಂದರೆಯಾದದ್ದು. ಅಪ್ಪನದಾಗಿದ್ದರೆ ಹಿಂದಿನಿಂದ ಹೊಡೆದರೂ ಗುಂಡು ಎದೆಯವರೆಗೆ ಹೋಗುತ್ತಿತ್ತು."

ಅಜ್ಜ ಒಂದು ಬೇರಿನ ಮೇಲೆ ಕೂತ. ಕಾಲಿಗೆ ಹತ್ತಿದ ಜಿಗಣೆಯನ್ನು ಕಿತ್ತು ಎಸೆದ.

"ಬಿದ್ದಪ್ಪ, ನೀನು ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ. ಅದನ್ನೂ ಯಾಕೆ ಹಾಳು ಮಾಡುತ್ತೀಯ?"

ಮಾರನೆಯ ದಿನದಿಂದ ಬಿದ್ದಪ್ಪ ತಾನೇ ಹೆಜ್ಜೆ ಹಿಡಿದ. ಹಾಡಿಯವರಿಗೆ ಹೊಳೆಗೆ ಇಳಿಯಬೇಡಿ ಎಂದು ಹೇಳಿ, ಅವರಿಗೆ ಬೇಕಾದ ನೀರನ್ನು ತಾನೇ ಹೊತ್ತು ಕೊಟ್ಟ. ಕಾಟಿ ದಂಡೆಗೆ ಇಳಿಯುವ ಜಾಗ ಯಾವುದು, ಗಾಳಿ ಯಾವ ಹೊತ್ತಿಗೆ ಯಾವ ಕಡೆಗೆ, ಮರೆಗೆ ಯಾವ ಮರ, ಎಲ್ಲ ನೋಡಿಕೊಂಡ. ಅಪ್ಪನ ರೈಫಲ್ ಒಂದನ್ನೇ ಒಯ್ಯುತ್ತಿದ್ದ. ಎರಡನ್ನೂ ಹೊತ್ತದ್ದರಿಂದ ಹೆಗಲು ಬಾತುಕೊಂಡಿತ್ತು.

ಅಜ್ಜ ಅವನ ಪಕ್ಕದಲ್ಲಿ ಕೂರುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಇಂಥ ನೆಮ್ಮದಿ ಅಜ್ಜನಿಗೆ ಬಹಳ ದಿನಗಳಿಂದ ಸಿಕ್ಕಿರಲಿಲ್ಲ.

ಒಂದು ಮುಂಜಾನೆ ಕಾಟಿ ಬಂತು. ಕುಂಟುತ್ತ ದಂಡೆಗೆ ಇಳಿದು, ಮಗ್ಗುಲು ತೋರಿಸಿ ನಿಂತಿತು. ಬಿದ್ದಪ್ಪ ಕಾದ. ಅದು ನೀರಿಗೆ ಬಾಗಿತು. ಇನ್ನೂ ಕಾದ. ಅದು ಮುಂಗಾಲನ್ನು ಒಂದು ಹೆಜ್ಜೆ ಮುಂದಿಟ್ಟಿತು. ಭುಜದ ಹಿಂದಿನ ಜಾಗ ತೆರೆದುಕೊಂಡಿತು.

ಒಂದೇ ಈಡು. ಕಾಟಿ ಮಂಡಿಯೂರಿ, ನಿಧಾನವಾಗಿ ಪಕ್ಕಕ್ಕೆ ಮಲಗಿತು.

ಬಿದ್ದಪ್ಪ ತನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಹತ್ತಿರ ಹೋಗಿ, ಆ ದೊಡ್ಡ ತಲೆಯ ಪಕ್ಕದಲ್ಲಿ ಬಹಳ ಹೊತ್ತು ಕೂತ.

ಅಜ್ಜ ಹಿಂಗಾಲಿನ ಬಳಿ ಬಗ್ಗಿದ್ದ. ಕೀಲು ಕುಂಬಳಕಾಯಿಯಂತೆ ಊದಿತ್ತು. ಕತ್ತಿಯಿಂದ ಸೀಳಿದ. ಕೀವು ಹರಿಯಿತು. ಒಳಗಿನಿಂದ ಏನನ್ನೋ ಕಿತ್ತು, ಹೊಳೆಯಲ್ಲಿ ತೊಳೆದು, ಬಿದ್ದಪ್ಪನ ಅಂಗೈಯಲ್ಲಿ ಇಟ್ಟ.

ಒಂದು ಗುಂಡು. ಯಾರೋ ಎಂದೋ ಹೊಡೆದು, ಹಾಗೇ ಬಿಟ್ಟುಹೋದದ್ದು.

ಬಿದ್ದಪ್ಪ ಅದನ್ನು ಬೆಳಕಿಗೆ ಹಿಡಿದ. ತಿರುಗಿಸಿ ನೋಡಿದ. ಉಗುರಿನಿಂದ ಕೆರೆದ. ನಿಧಾನವಾಗಿ ಅವನ ಮುಖ ಅರಳಿತು.

"ನೋಡಿ ಅಜ್ಜ, ಸಪೂರ ಗುಂಡು. ತಾಮ್ರದ ಹೊದಿಕೆ ತೆಳ್ಳಗಿದೆ. ಇದು ಹೊಸ ಕಾಲದ ವೇಗದ ತೋಟಾದ್ದೇ. ಮೂಳೆಗೆ ಬಡಿದ ಕೂಡಲೇ ಮೂತಿ ಚಪ್ಪಟೆಯಾಗಿದೆ, ಒಳಗೆ ಇಳಿದೇ ಇಲ್ಲ. ನಾನು ಅಂದುಕೊಂಡಿದ್ದು ಸರಿ. ತಪ್ಪೆಲ್ಲ ತೋಟಾದ್ದು."

ಅಜ್ಜ ಕತ್ತಿಯನ್ನು ಹುಲ್ಲಿಗೆ ಒರೆಸಿದ. ಒಂದು ಬದಿ ಒರೆಸಿ, ಇನ್ನೊಂದು ಬದಿ ಒರೆಸಿದ.

"ಇದನ್ನು ಹೊಡೆದವನೂ ಅವತ್ತು ಮನೆಗೆ ಹೋಗಿ ಇದೇ ಮಾತು ಹೇಳಿರಬೇಕು."