ಗೋಣಿ ಕಟ್ಟಿದ ಗಂಟೆ

"ಏನೂ ಕೇಳಿಸದಿದ್ರೂ ಪ್ರಾರ್ಥನೆ ಮಾಡ್ತಾನೇ ಇರಬೇಕಾ, ಉಪದೇಶಿಗಳೇ?" ಎಂದು ಲೂರ್ದಮ್ಮ ಕೇಳಿದಳು.

ಚರ್ಚಿನಲ್ಲಿ ನಲವತ್ತು ವರ್ಷ ಜ್ಞಾನೋಪದೇಶ ಹೇಳಿಕೊಟ್ಟ ಇನ್ನಾಸಪ್ಪ ಕನ್ನಡಕ ತೆಗೆದು ಜಗಲಿಯ ಮೇಲಿಟ್ಟರು. ಲೂರ್ದಮ್ಮನೂ ಅವರ ಹತ್ತಿರ ಕಲಿತವಳೇ.

"ಏನಾಯ್ತಮ್ಮ?"

"ನಮ್ಮೆಜಮಾನರು ಹಾಸಿಗೆ ಹಿಡಿದು ಎರಡು ವರ್ಷ ಆಯ್ತು. ಮಾತೂ ಇಲ್ಲ. ಶಿಲುಬೆ ಗುರುತು ಹಾಕೋಣ ಅಂದ್ರೆ ಕೈಯೂ ಏಳಲ್ಲ. ಸಂಜೆ ಅವರ ಪಕ್ಕ ಕೂತು ನಾನೊಬ್ಬಳೇ ಜಪಸರ ಹೇಳ್ತೀನಿ. ಅವರು ನನ್ನ ಮುಖಾನೇ ನೋಡ್ತಿರ್ತಾರೆ. ಮೊದಲೆಲ್ಲ ಮಣಿ ಹಿಡಿದ್ರೆ ಸಾಕು, ಒಳಗೆ ಏನೋ ಒಂದು ನೆಮ್ಮದಿ ಆಗೋದು. ಈಗ ಏನೂ ಇಲ್ಲ. ನಿನ್ನೆ ನಡುವೆ ಸಾರಿಗೆ ಉಪ್ಪು ಹಾಕಿದ್ನಾ ಅಂತ ಯೋಚನೆ ಬಂದು, ಎಷ್ಟನೇ ಮಣಿ ಅಂತ ಮರೆತು, ಮೊದಲಿಂದ ಹೇಳಿದೆ. ಎರಡು ಸಲ. ಇದು ಪ್ರಾರ್ಥನೇನಾ? ನಾಳೆಯಿಂದ ಬಿಟ್ಟುಬಿಡ್ತೀನಿ."

"ಉಪ್ಪು ಹಾಕಿದ್ಯಾ?"

"ಎರಡು ಸಲ."

ಇನ್ನಾಸಪ್ಪ ನಗಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಂಟೆ ಹೊಡೆಯುವವನಿದ್ದ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಚರ್ಚಿನ ಗಂಟೆಯ ಹಗ್ಗ ಎಳೆಯುವುದು ಅವನ ಕೆಲಸ. ಒಂದು ವರ್ಷ ಜ್ವರ ಬಂತು. ಜ್ವರ ಹೋಗುವಾಗ ಅವನ ಎರಡು ಕಿವಿಗಳನ್ನೂ ತೆಗೆದುಕೊಂಡು ಹೋಯಿತು.

ಅವನು ಎದ್ದು ಬಂದು ಹಗ್ಗ ಎಳೆದ. ಏನೂ ಕೇಳಿಸಲಿಲ್ಲ. ಬತ್ತಿದ ಬಾವಿಯಿಂದ ಖಾಲಿ ಬಿಂದಿಗೆ ಸೇದಿದ ಹಾಗಾಯಿತು. ದಾರಿಯಲ್ಲಿ ಹೋಗುವವರನ್ನು "ಆಯ್ತಾ? ಹೊಡೀತಾ?" ಎಂದು ಕೇಳಿದ. ಅವರು ಹೂಂ ಎಂದು ತಲೆಯಾಡಿಸಿದರು. ದಿನಕ್ಕೆ ಮೂರು ಸಲದಂತೆ ತಿಂಗಳುಗಟ್ಟಲೆ ತಲೆಯಾಡಿಸಿ ಅವರಿಗೂ ಸಾಕಾಯಿತು. ಕೊನೆಕೊನೆಗೆ ಅವನು ಹಗ್ಗ ಮುಟ್ಟುವ ಮೊದಲೇ ತಲೆಯಾಡಿಸಿ ಹೊರಟುಹೋಗುತ್ತಿದ್ದರು. ಅವರ ಹೂಂ ಮೇಲೂ ಅವನಿಗೆ ನಂಬಿಕೆ ಹೋಯಿತು. ಕೇಳಿಸದ ಗಂಟೆಯನ್ನು ಎಷ್ಟು ದಿನ ಎಳೆಯುವುದು? ಪಾಸ್ಕಹಬ್ಬ ಕಳೆದ ಮೇಲೆ ಹಗ್ಗವನ್ನು ಫಾದರ್ ಕೈಗೆ ಕೊಟ್ಟು ಮನೆಯಲ್ಲಿರುವುದು ಎಂದು ತೀರ್ಮಾನ ಮಾಡಿದ.

ಪವಿತ್ರ ಗುರುವಾರ ಬಂತು. ಯೇಸುಸ್ವಾಮಿ ಪಾಡುಪಟ್ಟ ದಿನಗಳಲ್ಲಿ ಗಂಟೆ ಹೊಡೆಯಬಾರದು. ಆ ಊರಿನಲ್ಲಿ ಗಂಟೆಯ ನಾಲಗೆಗೆ ಗೋಣಿಚೀಲ ಸುತ್ತಿ ಕಟ್ಟುವ ಪದ್ಧತಿ. ಸ್ವಾಮಿ ಸಾವಿನಿಂದ ಎದ್ದ ಪಾಸ್ಕದ ಬೆಳಗ್ಗೆ ಬಿಚ್ಚಿ, ಕೈ ಸೋಲುವ ತನಕ ಹೊಡೆಯಬೇಕು. ಅವನು ಏಣಿ ಹತ್ತಿ ಕಟ್ಟಿದ.

ಪಾಸ್ಕದ ಬೆಳಗ್ಗೆ ಹೊಸ ಅಂಗಿ ಹಾಕಿಕೊಂಡು ಬಂದ. ಏಣಿ ಹತ್ತಿದರೆ ಅಂಗಿ ಕೊಳೆಯಾಗುತ್ತದಲ್ಲ ಎಂದು ನಿಧಾನ ಮಾಡಿದ. ನಿಧಾನ ಮಾಡುತ್ತ ಗೋಣಿಯನ್ನೇ ಮರೆತ. ಇದೇ ಕೊನೆಯ ಸಲವಲ್ಲವೇ ಎಂದು ಹಗ್ಗವನ್ನು ಜೋರಾಗಿ ಎಳೆದ. ಹಿಮ್ಮಡಿ ನೆಲ ಬಿಟ್ಟು ಏಳುವಷ್ಟು ಎಳೆದ. ಕಿವಿಯಿದ್ದವನಾಗಿದ್ದರೆ ಮೊದಲ ಎಳೆತಕ್ಕೇ ತಪ್ಪು ಗೊತ್ತಾಗುತ್ತಿತ್ತು.

ಚರ್ಚಿಗೆ ಬಂದವರು ಒಂಬತ್ತು ಮಂದಿ. ಅವರಲ್ಲಿ ಇಬ್ಬರು ಫಾದರ್ ಜೊತೆ ಬಂದವರು. ಅವನು ಖಾಲಿ ಅಂಗಳ ನೋಡಿದ. ನನ್ನ ಹಾಗೆಯೇ ಊರಿಗೂ ಸಾಕಾಗಿದೆ ಎಂದುಕೊಂಡ. ಸ್ವಲ್ಪ ಸಮಾಧಾನವೂ ಆಯಿತು.

ಅಷ್ಟರಲ್ಲಿ ಹೊಳೆಯಾಚೆಯ ರೈತನೊಬ್ಬ ಒದ್ದೆ ಪಂಚೆಯಲ್ಲಿ ಓಡಿಬಂದು ಅವನ ಮುಖದ ಮುಂದೆ ನಿಂತು ಕೂಗಿದ.

"ಏನಣ್ಣ ನೀನು, ಗಂಟೇನೇ ಹೊಡೀಲಿಲ್ವಲ್ಲ! ನಮ್ಮಮ್ಮ ಹಾಸಿಗೇಲಿ ಬಿದ್ದಿದ್ದಾಳೆ. ಶುಕ್ರವಾರದಿಂದ ಉಪವಾಸ. ಗಂಟೆ ಕೇಳೋವರೆಗೂ ಬಾಯಿಗೆ ಗಂಜಿ ಬೇಡ ಅಂತಾಳೆ. ಸ್ವಾಮಿ ಈ ವರ್ಷ ಏಳಲಿಲ್ವೇನೋ ಅಂತ ಅಳ್ತಿದ್ದಾಳೆ ಕಣಣ್ಣ!"

ಅವನಿಗೆ ರೈತನ ಹಲ್ಲುಗಳು ಕಂಡವು, ಅಷ್ಟೇ. ಆಗ ತಾನೇ ಚರ್ಚಿಗೆ ಬಂದ ಗಂಟೆಯವನ ಹೆಂಡತಿ ಹೊಳೆಯಾಚೆ ಕೈ ತೋರಿಸಿದಳು, ಕೆನ್ನೆಗೆ ಅಂಗೈ ಒತ್ತಿದಳು, ತುಟಿ ಬಿಗಿದಳು, ಆಮೇಲೆ ಗಂಟೆಯ ಕಡೆ ಬೆರಳೆತ್ತಿ ತನ್ನ ಹಣೆ ಬಡಿದುಕೊಂಡಳು. ಹೆಂಡತಿಯ ಮಾತು ಅವನಿಗೆ ಮದುವೆಯಾದಂದಿನಿಂದ ಕಿವಿಯಿಲ್ಲದೆಯೇ ಅರ್ಥವಾಗುತ್ತಿತ್ತು. ಅವನು ತಲೆಯೆತ್ತಿ ನೋಡಿದ. ಗೋಣಿ ಕಂಡಿತು.

ಹೊಸ ಅಂಗಿಯಲ್ಲೇ ಏಣಿ ಹತ್ತಿದ. ಮೊಳೆಗೆ ಸಿಕ್ಕಿ ತೋಳು ಹರಿಯಿತು. ಗೋಣಿ ಕಿತ್ತು ಕೆಳಗೆಸೆದ. ಅದು ಫಾದರ್ ತಲೆಯ ಮೇಲೆ ಬಿತ್ತು. ಇಳಿದು ಹಗ್ಗ ಹಿಡಿದು ಎಳೆದ. ಅವನಿಗೆ ಆಗಲೂ ಏನೂ ಕೇಳಿಸಲಿಲ್ಲ. ಎಳೆಯುತ್ತಲೇ ತಿರುಗಿ ನೋಡಿದ. ಹೆಂಡತಿ ಹೂಂ ಎಂದು ತಲೆಯಾಡಿಸುತ್ತಿದ್ದಳು. ಅದನ್ನು ಅವನು ಲೆಕ್ಕಕ್ಕಿಡಲಿಲ್ಲ. ರೈತ ಮಾತ್ರ ತಲೆಯಾಡಿಸಲಿಲ್ಲ. ಅಮ್ಮನಿಗೆ ಗಂಜಿ ಕುಡಿಸಲು ಪಂಚೆ ಎತ್ತಿಕಟ್ಟಿ ಹೊಳೆಯ ಕಡೆಗೆ ಓಡುತ್ತಿದ್ದ.

ಅವನು ಹಗ್ಗವನ್ನು ಯಾರ ಕೈಗೂ ಕೊಡಲಿಲ್ಲ. ಅಂದಿನಿಂದ ಹನ್ನೊಂದು ವರ್ಷ ಎಳೆದ. ಮಳೆ ಬಂದರೂ ಎಳೆದ, ಸೊಂಟ ಹಿಡಿದರೂ ಎಳೆದ, ಹೆಂಡತಿಯನ್ನು ಮಣ್ಣು ಮಾಡಿದ ದಿನ ಸಂಜೆಯೂ ಬಂದು ಎಳೆದ. ಆಯ್ತಾ ಎಂದು ಮತ್ತೆ ಯಾರನ್ನೂ ಕೇಳಲಿಲ್ಲ.

ಇನ್ನಾಸಪ್ಪ ಕತೆ ನಿಲ್ಲಿಸಿದರು.

"ಕೊನೆಗಾದ್ರೂ ಕಿವಿ ಬಂತಾ?" ಎಂದಳು ಲೂರ್ದಮ್ಮ.

"ಇಲ್ಲಮ್ಮ."

"ಒಂದು ಸಲಾನೂ ಕೇಳಿಸ್ಲಿಲ್ವಾ? ಮತ್ತೆ ಅದೇನು ಸುಖ ಅಂತ ಎಳೆದ?"

"ಹಗ್ಗ ಹಿಡಿದವನಿಗೆ ಕೇಳಿಸಲಿ ಅಂತ ಯಾವ ಊರಲ್ಲೂ ಗಂಟೆ ಕಟ್ಟಿಲ್ಲ, ಲೂರ್ದಮ್ಮ."

ಜಪಸರದ ಹೊತ್ತಾಯಿತೆಂದು ಲೂರ್ದಮ್ಮ ಎದ್ದು ಮನೆಯ ಕಡೆ ಹೊರಟಳು.