ಜರಿಗಿಡ ಎಲೆ ಸುತ್ತಿಕೊಂಡದ್ದು

ಭೂಮಿ ಹೊಸದಾಗಿದ್ದ ಕಾಲ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ತೊರೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು.

ಆಗ ದೂಳಮ್ಮ ಎಂಬ ಪತಂಗ ಇದ್ದಳು. ದೂಳಿನ ಬಣ್ಣದ ರೆಕ್ಕೆ, ಹೊಟ್ಟೆ ತುಂಬ ಮೊಟ್ಟೆ. ಹೊತ್ತು ಮುಳುಗುವುದರೊಳಗೆ ಅವನ್ನು ಇಡಲೇಬೇಕು. ಇಡುವುದೆಲ್ಲಿ?

ಎಕ್ಕದ ಗಿಡಕ್ಕೆ ಹೋದಳು. "ಜಾಗ ಇಲ್ಲ ಕಣವ್ವ, ಬೇರೆ ಚಿಟ್ಟೆ ಆಗಲೇ ಬಂದಾಯ್ತು" ಅಂದಿತು ಎಕ್ಕ. ಕರಿಬೇವಿಗೆ ಹೋದಳು. "ಇರೋ ಚಿಟ್ಟೆಮರಿಗಳೇ ನನ್ನನ್ನು ಬೋಳು ಮಾಡಿದ್ದಾವೆ" ಅಂದಿತು ಕರಿಬೇವು. ಹರಳುಗಿಡ ಮುಖ ತಿರುಗಿಸಿತು.

ರೆಕ್ಕೆ ಸೋತು ದೂಳಮ್ಮ ತೊರೆಯ ಪಕ್ಕದ ಬಂಡೆಯ ಮೇಲೆ ಕೂತಳು. ಬಂಡೆಯ ಸಂದಿನಲ್ಲೊಂದು ಜರಿಗಿಡ. ಅದಕ್ಕೆ ಹೂವಿಲ್ಲ, ಕಾಯಿಲ್ಲ. ಹಾಗಾಗಿ ಯಾರೂ ಅತ್ತ ಸುಳಿಯುತ್ತಿರಲಿಲ್ಲ.

"ಜರಿಯಕ್ಕ, ನನ್ನ ಮಕ್ಕಳಿಗೆ ನಿನ್ನ ಎಲೆ ಕೊಡ್ತೀಯಾ?"

ಜರಿಗಿಡ ಅವಳತ್ತ ಬಾಗಿತು. "ಕೊಡೋಕೆ ಆಸೆ ಇದೆ ತಂಗಿ. ಆದರೆ ನನ್ನ ಎಲೆ ಕಹಿ. ಹಿಂದೊಮ್ಮೆ ಒಂದು ಜಿಂಕೆ ತಿಂದು ಮೂರು ದಿನ ಮಲಗಿಬಿಟ್ಟಿತು. ನಿನ್ನ ಮಕ್ಕಳಿಗೆ ಏನಾದರೂ ಆದರೆ ನಾನು ಹೇಗೆ ತಡಕೊಳ್ಳಲಿ?"

ದೂಳಮ್ಮ ಇಳಿಯುತ್ತಿದ್ದ ಹೊತ್ತನ್ನು ನೋಡಿದಳು. ಆಗ ಕೆಳಗಿಂದ ತೊರೆ ಹೇಳಿತು: "ಚಿಗುರು ಅಷ್ಟು ಕಹಿ ಇರೋಲ್ಲ ಕಣಮ್ಮ. ಮಕ್ಕಳು ಮೊದಲು ಅದನ್ನು ತಿನ್ನಲಿ. ಬೆಳೀತಾ ಬೆಳೀತಾ ಕಹಿಯೂ ಅಭ್ಯಾಸ ಆಗ್ತದೆ."

ಬೇರೆ ದಾರಿ ಇರಲಿಲ್ಲ. ದೂಳಮ್ಮ ಚಿಗುರಿನ ಅಡಿಯಲ್ಲಿ ಒಂದೊಂದೇ ಮೊಟ್ಟೆ ಇಟ್ಟಳು.

ನಾಲ್ಕು ದಿನಕ್ಕೆ ಮರಿಗಳು ಹೊರಬಂದವು. ದಾರದ ತುಂಡಿನಷ್ಟು ಸಣ್ಣ ಹಸಿರು ಹುಳುಗಳು. ಮೊದಲನೆಯದು ಚಿಗುರು ಕಚ್ಚಿತು, ಕಚ್ಚಿ ಹಾಗೇ ನಿಂತುಬಿಟ್ಟಿತು. ಗಿಡವೂ ಉಸಿರು ಬಿಗಿಹಿಡಿಯಿತು, ತಾಯಿಯೂ ಬಿಗಿಹಿಡಿದಳು. ಆಮೇಲೆ ಮರಿ ಇನ್ನೊಂದು ತುತ್ತು ಕಚ್ಚಿತು. ಮತ್ತೊಂದು. ಮತ್ತೂ ಒಂದು.

"ತಿಂತಾ ಇದೆ ಅಕ್ಕ."

"ಗೊತ್ತಾಗ್ತಾ ಇದೆ. ಕಚಗುಳಿ ಆಗ್ತದೆ" ಅಂದಿತು ಜರಿಗಿಡ. ಅದು ನಕ್ಕದ್ದು ಅದೇ ಮೊದಲು.

ಒಂದು ಬೆಳಿಗ್ಗೆ ಪಿಕಳಾರ ಹಕ್ಕಿ ಬಂತು. ಹಸಿದಿತ್ತು. ಚಿಗುರಿನ ಮೇಲೆ ಹುಳುಗಳನ್ನು ಕಂಡು ಹಾರಿ ಬಂತು. ದೂಳಮ್ಮ ಅದರ ಮುಖಕ್ಕೇ ನುಗ್ಗಿ ರೆಕ್ಕೆ ಬಡಿದಳು. ರೆಕ್ಕೆಯ ಅಂಚು ಹರಿಯಿತು, ಹಕ್ಕಿ ಒಂದು ಗಳಿಗೆ ತಡೆದು ನಿಂತಿತು.

ಆ ಒಂದು ಗಳಿಗೆಯಲ್ಲಿ ಜರಿಗಿಡ ಯಾವ ಗಿಡವೂ ಮಾಡದ್ದನ್ನು ಮಾಡಿತು. ಚಿಗುರುಗಳನ್ನೆಲ್ಲ ತುದಿಯಿಂದ ಒಳಕ್ಕೆ ಸುತ್ತಿ, ಮರಿಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿತು.

ಹಕ್ಕಿ ಸುರುಳಿಯನ್ನು ಒಮ್ಮೆ ಕುಕ್ಕಿತು. ಕಹಿ. ಕೊಕ್ಕನ್ನು ಬಂಡೆಗೆ ಒರೆಸಿಕೊಂಡು ಹಾರಿಹೋಯಿತು.

"ಹೋಯ್ತಾ?"

"ಹೋಯ್ತು ಅಕ್ಕ. ಬಿಡು ಇನ್ನು."

"ಇರು, ಇನ್ನೊಂದು ಸ್ವಲ್ಪ ಹೊತ್ತು ಇರಲಿ" ಅಂದಿತು ಜರಿಗಿಡ.

ದೂಳಮ್ಮ ಹರಿದ ರೆಕ್ಕೆ ಮಡಚಿ ಅದರ ನೆರಳಲ್ಲಿ ನೆಮ್ಮದಿಯಾಗಿ ಕೂತಳು.

ಆ ಪತಂಗದ ಮಕ್ಕಳು ಇಂದಿಗೂ ಜರಿಯನ್ನಲ್ಲದೆ ಬೇರೆ ಎಲೆ ಮುಟ್ಟುವುದಿಲ್ಲ. ಮಳೆ ಬಿದ್ದ ಮೇಲೆ ತೊರೆಯ ದಂಡೆಗೆ ಹೋಗಿ ನೋಡು ಮಗು, ಜರಿಗಿಡದ ಹೊಸ ಎಲೆ ಸುರುಳಿ ಸುತ್ತಿಕೊಂಡೇ ಹುಟ್ಟುತ್ತದೆ, ಸುತ್ತಮುತ್ತ ಹಕ್ಕಿ ಇಲ್ಲವೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ.